ಜಿಪ್ಸಿಗೆ ಹೊಸ ಎಂಜಿನ್: ಗೆಲ್ಲುವ ಮೆಕ್ಯಾನಿಕ್‌ಗೆ 8 ಸೂತ್ರಗಳು

ಕೊಳ್ಳೇಗಾಲ, ಹನೂರು, ಯಳಂದೂರಿನ ಐಟಿಐ ವಿದ್ಯಾರ್ಥಿಗಳೇ, ಗ್ಯಾರೇಜ್‌ನಲ್ಲಿ ಕೆಲಸ ಕಲಿಯುತ್ತಿರುವವರೇ, ನಿಮ್ಮ ಕೈಚಳಕ ತೋರಿಸಲು ಹಳೇ ಮಾರುತಿ ಜಿಪ್ಸಿಗಿಂತ ಒಳ್ಳೆಯ ಗಾಡಿ ಇಲ್ಲ. 1985ರಲ್ಲಿ ಬಂದ ಜಿಪ್ಸಿಗೆ ಇದ್ದದ್ದು 970 ಸಿಸಿ ಎಂಜಿನ್, ಸುಮಾರು 45 ಎಚ್‌ಪಿ. 1996ರ ಜಿಪ್ಸಿ ಕಿಂಗ್‌ಗೆ 1298 ಸಿಸಿ ಎಂಜಿನ್ ಬಂತು. 2000ದಲ್ಲಿ ಎಂಪಿಎಫ್‌ಐ ಬಂದಾಗ ಶಕ್ತಿ 80 ಎಚ್‌ಪಿ ಮುಟ್ಟಿತು. ತಾಳಬೆಟ್ಟದಿಂದ ಮಾದಪ್ಪನ ಬೆಟ್ಟ ಹತ್ತುವಾಗ ಈ ವ್ಯತ್ಯಾಸ ಆಕ್ಸಿಲರೇಟರ್ ಮೇಲಿನ ಕಾಲಿಗೇ ಗೊತ್ತಾಗುತ್ತದೆ. ಹಳೇ ಜಿಪ್ಸಿಗೆ ದೊಡ್ಡ ಎಂಜಿನ್ ಕೂರಿಸಬೇಕೇ? ಈ ಕ್ರಮ ಹಿಡಿಯಿರಿ.

1. ಕಾರಣ ಬರೆದಿಡಿ.
ಲೋಡ್ ಎಳೆಯಬೇಕೋ, ಘಾಟಿ ಹತ್ತಬೇಕೋ, ಹೈವೇ ಸ್ಪೀಡ್ ಬೇಕೋ? ಒಂದೇ ಸಾಲಲ್ಲಿ ಬರೆಯಿರಿ. ಹಳೇ ಎಂಜಿನ್ ಸವೆದಿರುವುದಷ್ಟೇ ಸಮಸ್ಯೆಯಾದರೆ ಬೋರ್ ಮಾಡಿಸಿ ಪಿಸ್ಟನ್, ರಿಂಗ್ ಹಾಕಿ. ಗುರಿ ಸ್ಪಷ್ಟವಿದ್ದರೆ ದುಡ್ಡು ಪೋಲಾಗುವುದಿಲ್ಲ.

2. ಮೊದಲು ಆರ್‌ಟಿಒ, ಆಮೇಲೆ ಸ್ಪ್ಯಾನರ್.
1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಓದಿ. ಚಾಮರಾಜನಗರ ಆರ್‌ಟಿಒ ಕಚೇರಿಗೆ ಹೋಗಿ ಲಿಖಿತ ಅರ್ಜಿ ಕೊಡಿ. ಅದೇ ಮಾದರಿಯ ಎಂಜಿನ್ ಆದರೆ ದಾರಿ ಸುಲಭ. ಆದರೆ ಯಾವ ಮಾದರಿಯಾದರೂ ಒಪ್ಪಿಗೆ ಕೈಗೆ ಬರುವ ತನಕ ಒಂದು ಬೋಲ್ಟನ್ನೂ ಬಿಚ್ಚಬೇಡಿ. 2019ರ ತಿದ್ದುಪಡಿಯ ಪ್ರಕಾರ ಅಕ್ರಮ ಮಾರ್ಪಾಡು ಒಂದೊಂದಕ್ಕೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಸೇರಿಸಿ, ಇನ್ಶೂರೆನ್ಸ್‌ಗೂ ತಿಳಿಸಿ.

3. ಎಂಜಿನ್‌ನ ಮೂಲ ಕೇಳಿ.
ಗುಜರಿಯಿಂದ ತರುವಾಗ ಬಿಲ್ ಮತ್ತು ಹಳೇ ಗಾಡಿಯ ಆರ್‌ಸಿ ಜೆರಾಕ್ಸ್ ಪಡೆಯಿರಿ. ಎಂಜಿನ್ ನಂಬರ್ ತಾಳೆ ನೋಡಿ. ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಕದ್ದ ಮಾಲು, ಸತ್ತ ಎಂಜಿನ್ ಎರಡನ್ನೂ ತಡೆಯುವ ದಾರಿ ಇದು.

4. ಟೇಪ್ ಹಿಡಿದು ಅಳೆಯಿರಿ.
ಇಡೀ ಕೆಲಸದ ಜೀವಾಳ ಇಲ್ಲಿದೆ. ಎಸ್ಟೀಮ್‌ನಂಥ ಕಾರಿನಲ್ಲಿ ಎಂಜಿನ್ ಅಡ್ಡ ಕೂರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ. ಹಾಗಾಗಿ ಡಿಸ್ಟ್ರಿಬ್ಯೂಟರ್‌ಗೂ ಎಂಜಿನ್ ಹಿಂದಿನ ತಗಡಿಗೂ (ಫೈರ್‌ವಾಲ್) ನಡುವೆ ಎಷ್ಟು ಜಾಗ ಉಳಿಯುತ್ತದೆ ನೋಡಿ. ಕೆಳಗೆ ಮುಂದಿನ ಆಕ್ಸಲ್ ಇದೆ. ಕಾರಿನ ಆಯಿಲ್ ಚೇಂಬರ್ ಅದಕ್ಕೆ ತಾಗುತ್ತದೆಯೇ ಪರೀಕ್ಷಿಸಿ. ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸ್‌ನಿಂದ ಬೇರೆಯಾಗಿದೆ, ನಡುವೆ ಚಿಕ್ಕ ಶಾಫ್ಟ್ ಇದೆ. ಗೇರ್‌ಬಾಕ್ಸ್ ಬದಲಾದರೆ ಆ ಶಾಫ್ಟ್ ಉದ್ದವೂ ಬದಲಾಗಬಹುದು. ಕಾಗದದ ಮೇಲೆ ಹಿಡಿಸದ್ದು ಚಾಸಿಯಲ್ಲೂ ಹಿಡಿಸುವುದಿಲ್ಲ.

5. ಪೂರ್ತಿ ಸೆಟ್ ಕೊಳ್ಳಿ.
ಎಂಪಿಎಫ್‌ಐ ಎಂಜಿನ್‌ಗೆ ಇಸಿಎಂ, ಸೆನ್ಸರ್‌ಗಳು, ವೈರಿಂಗ್, ಹೈ ಪ್ರೆಶರ್ ಪೆಟ್ರೋಲ್ ಪಂಪ್ ಎಲ್ಲವೂ ಬೇಕು. ಕಾರ್ಬ್ಯುರೇಟರ್ ಗಾಡಿಯ ಪೈಪು ಆ ಒತ್ತಡ ತಡೆಯುವುದಿಲ್ಲ. ಬಿಡಿಬಿಡಿಯಾಗಿ ಹುಡುಕಿದರೆ ಸಮಯವೂ ಹೋಗುತ್ತದೆ, ದುಡ್ಡೂ ಹೋಗುತ್ತದೆ.

6. ಬಿಚ್ಚುವಾಗಲೇ ಜೋಡಿಸಲು ತಯಾರಾಗಿ.
ಪ್ರತಿ ವೈರಿಗೂ ಟೇಪ್ ಸುತ್ತಿ ನಂಬರ್ ಬರೆಯಿರಿ. ಬೋಲ್ಟ್‌ಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ. ಫೋನ್‌ನಲ್ಲಿ ಫೋಟೊ ತೆಗೆಯಿರಿ. ನೆನಪು ಕೈಕೊಡುತ್ತದೆ, ಗುರುತು ಕೈಕೊಡುವುದಿಲ್ಲ.

7. ಓಡುವುದಕ್ಕೆ ಮುಂಚೆ ನಿಲ್ಲುವುದನ್ನು ನೋಡಿ.
ಶಕ್ತಿ ಹೆಚ್ಚಾದರೆ ಬಿಸಿಯೂ ಹೆಚ್ಚು, ವೇಗವೂ ಹೆಚ್ಚು. ರೇಡಿಯೇಟರ್, ಫ್ಯಾನ್, ಬ್ರೇಕ್, ಸ್ಟೀರಿಂಗ್ ಸರಿಪಡಿಸಿ. ಬೆಟ್ಟ ಇಳಿಯುವಾಗ ಪ್ರಾಣ ಉಳಿಸುವುದು ಬ್ರೇಕ್, ಎಚ್‌ಪಿ ಅಲ್ಲ.

8. ಹಂತ ಹಂತವಾಗಿ ಓಡಿಸಿ.
ಮೊದಲು ನಿಂತಲ್ಲೇ ಐಡಲ್ ಬಿಟ್ಟು ಲೀಕ್ ನೋಡಿ. ಆಮೇಲೆ ಕೊಳ್ಳೇಗಾಲ–ಯಳಂದೂರು ರಸ್ತೆಯಲ್ಲಿ ಖಾಲಿ ಗಾಡಿ ಓಡಿಸಿ. ಬೋಲ್ಟ್‌ಗಳನ್ನು ಮತ್ತೆ ಟೈಟ್ ಮಾಡಿ. ಕೊನೆಗೆ ಗುಂಬಳ್ಳಿ ದಾಟಿ ಬಿಳಿಗಿರಿರಂಗನ ಬೆಟ್ಟ ಹತ್ತಿಸಿ, ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಡಿ.

'ನನ್ನಿಂದ ಆಗುತ್ತಾ?' ಅನ್ನುವುದು ಬರೀ ಅಭ್ಯಾಸ. ಅದನ್ನು 'ಯಾವ ಅಳತೆ ಬಾಕಿ ಇದೆ?' ಎಂದು ಬದಲಿಸಿ. ಕಾಗದ, ಅಳತೆ, ಕೈಕೆಲಸ ಮೂರನ್ನೂ ಕ್ರಮವಾಗಿ ಮುಗಿಸುವವರನ್ನು ಗಿರಾಕಿಗಳೇ ಹುಡುಕಿಕೊಂಡು ಬರುತ್ತಾರೆ. ಇವತ್ತೇ ಒಂದು ನೋಟ್‌ಬುಕ್ ಕೊಂಡು ಮೊದಲ ಸೂತ್ರದಿಂದ ಶುರು ಮಾಡಿ.