ನಾಯಿ ಕಡಿತ: ನಂಬಿಕೆಯೂ ನಿಜವೂ

ನಾಯಿ ಕಚ್ಚಿದ ಗಾಯಕ್ಕೆ ಸುಣ್ಣ, ಮೆಣಸಿನಪುಡಿ ಹಚ್ಚಿದರೆ ನಂಜು ಇಳಿಯುತ್ತದೆಂಬ ನಂಬಿಕೆ ಇನ್ನೂ ಉಳಿದಿದೆ. ಅದನ್ನು ಜರೆಯುವ ಮೊದಲು ಕಾರಣವನ್ನು ಅರಿಯೋಣ. ಕಚ್ಚುವ ಎಲ್ಲ ನಾಯಿಗಳಿಗೂ ರೇಬೀಸ್ ಇರುವುದಿಲ್ಲ. ರೋಗವಿಲ್ಲದ ನಾಯಿ ಕಚ್ಚಿದವರು ಹೇಗೂ ಬದುಕುತ್ತಾರೆ, ಕೀರ್ತಿ ಸುಣ್ಣಕ್ಕೆ ಸಲ್ಲುತ್ತದೆ. ರೋಗ ತಗಲಿದವರಲ್ಲಿ ಲಕ್ಷಣ ತೋರುವುದು ಸಾಮಾನ್ಯವಾಗಿ ವಾರಗಳ, ತಿಂಗಳುಗಳ ಬಳಿಕ. ಆಗ ಸುಣ್ಣದ ಸೋಲನ್ನು ಯಾರೂ ನೆನೆಯುವುದಿಲ್ಲ. ಲಕ್ಷಣ ಕಂಡ ಮೇಲೆ ಸಾವು ಬಹುತೇಕ ಖಚಿತ.

ಹೊಕ್ಕುಳ ಸುತ್ತ 14 ಚುಚ್ಚುಮದ್ದೆಂಬ ಹಳೆಯ ಭಯದಿಂದ ಮಕ್ಕಳು ಕಡಿತವನ್ನು ಮುಚ್ಚಿಡುವುದುಂಟು. ಈಗ ಲಸಿಕೆಯನ್ನು ತೋಳಿಗೆ, ಕೆಲವೇ ಬಾರಿ ಕೊಡುತ್ತಾರೆ.

ಚಟುವಟಿಕೆ: ಗಾಯವನ್ನು ಸಾಬೂನಿನಿಂದ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯುವ ಕ್ರಮವನ್ನು ಮಕ್ಕಳಿಂದ ಮಾಡಿಸಿರಿ, ಅಂದೇ ಆಸ್ಪತ್ರೆಗೆ ಹೋಗಬೇಕೆಂದು ತಿಳಿಸಿರಿ. ಕಡಿತವನ್ನು ಹೇಳಿಕೊಂಡ ಮಗುವನ್ನು ಎಂದಿಗೂ ಗದರದಿರಿ.