ರೆಟಿನಾಲ್ ಬಂಧಕ ಪ್ರೋಟೀನ್: ರಕ್ತದಲ್ಲಿ ‘ಎ’ ಜೀವಸತ್ವದ ವಾಹಕ

ನೀರಿನಲ್ಲಿ ಕರಗದ ‘ಎ’ ಜೀವಸತ್ವವು ಯಕೃತ್ತಿನ ಸಂಗ್ರಹದಿಂದ ಹೊರಟು ರಕ್ತದಲ್ಲಿ ಸಾಗಬೇಕಾದರೆ, ಅದರ ರೆಟಿನಾಲ್ ರೂಪವನ್ನು ತನ್ನ ಬಟ್ಟಲಿನಂಥ ಪೊಳ್ಳಿನೊಳಗೆ ಹುದುಗಿಸಿಕೊಳ್ಳುವ ರೆಟಿನಾಲ್ ಬಂಧಕ ಪ್ರೋಟೀನ್ (ಆರ್‌ಬಿಪಿ4) ಅನಿವಾರ್ಯ. ಸುಮಾರು 21 ಕಿಲೋಡಾಲ್ಟನ್ ತೂಕದ ಈ ಪುಟ್ಟ ಅಣು ಮೂತ್ರಪಿಂಡದ ಜರಡಿಯಲ್ಲಿ ಸೋರಿಹೋಗದಂತೆ, ಥೈರಾಯ್ಡ್ ಹಾರ್ಮೋನನ್ನೂ ಹೊರುವ ಟ್ರಾನ್ಸ್‌ಥೈರೆಟಿನ್ ಎಂಬ ದೊಡ್ಡ ಪ್ರೋಟೀನು ಅದನ್ನು ಜೊತೆಗೂಡಿಸಿಕೊಳ್ಳುತ್ತದೆ. ಕಣ್ಣಿನಲ್ಲಿ, ಅಕ್ಷಿಪಟಲದ ಹಿಂಬದಿಯ ವರ್ಣಕೋಶಗಳ ಮೇಲಿರುವ ಸ್ಟ್ರಾ6 ಎಂಬ ಗ್ರಾಹಕವು ರೆಟಿನಾಲನ್ನು ಒಳಗೆ ಸೆಳೆದುಕೊಳ್ಳುತ್ತದೆ.

ವಿಶೇಷವಾಗಿ ಗಮನಿಸಬೇಕಾದುದೆಂದರೆ, ತೀವ್ರ ಪ್ರೋಟೀನ್ ಕೊರತೆಯ ಕ್ವಾಶಿಯೋರ್ಕರ್‌ನಲ್ಲಿ ಈ ವಾಹಕದ ತಯಾರಿಕೆಯೇ ಕುಗ್ಗುವುದರಿಂದ, ಯಕೃತ್ತಿನಲ್ಲಿ ಜೀವಸತ್ವ ಉಳಿದಿದ್ದರೂ ಮಗುವಿನ ಕಣ್ಣಿಗೆ ಅದು ತಲುಪದೆ ಇರುಳುಗುರುಡು ಕಾಣಿಸಿಕೊಳ್ಳಬಹುದು. ಸೋಂಕಿನಲ್ಲೂ ಈ ವಾಹಕದ ರಕ್ತಮಟ್ಟ ಇಳಿಯುವ ಕಾರಣ, ಜ್ವರದಲ್ಲಿರುವ ಮಗುವಿನ ರಕ್ತಪರೀಕ್ಷೆಯೊಂದನ್ನೇ ನಂಬಿ ‘ಎ’ ಜೀವಸತ್ವದ ಕೊರತೆಯೆಂದು ತೀರ್ಮಾನಿಸುವುದು ತಪ್ಪು. ಮೂತ್ರಪಿಂಡ ವೈಫಲ್ಯದಲ್ಲಾದರೋ ಅದೇ ಮಟ್ಟ ಏರುತ್ತದೆ.