ತಾತನ ತಾತ ಸಿಪಾಯಿಯಾಗಿದ್ದರೆ

ನಮ್ಮ ವಂಶದವರೊಬ್ಬರು ಟಿಪ್ಪುವಿನ ಕುದುರೆ ದಳದಲ್ಲಿದ್ದರಂತೆ, ಅವರ ಹೆಸರು ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೆಯಲ್ಲ ಮಗು. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸಾವಕಾಶವಾಗಿ ಓದು.

ಮೊದಲು ಒಂದು ಹಾಳೆ ತೆಗೆದುಕೊಂಡು ತಲೆಮಾರುಗಳ ಲೆಕ್ಕ ಹಾಕು. ನೀನು ಹುಟ್ಟಿದ್ದು 2000ದ ಆಸುಪಾಸು. ತಲೆಮಾರಿಗೆ ಇಪ್ಪತ್ತೆಂಟು ವರ್ಷ ಹಿಡಿದರೆ ನಿನ್ನ ತಾತನ ತಾತ ಹುಟ್ಟಿದ್ದು 1888ರ ಸುಮಾರಿಗೆ. ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ರಂದು. ಅವತ್ತು ಕೋಟೆಯೊಳಗಿದ್ದ ಹರೆಯದ ಸವಾರ ನಿನಗಿಂತ ಎಂಟು ತಲೆಮಾರು ಮೇಲಿನವನು. ಮನೆಯಲ್ಲಿ ಬಾಯಿಂದ ಬಾಯಿಗೆ ಬರುವಾಗ ಈ ಎಂಟು ತಲೆಮಾರು ಮೂರ್ನಾಲ್ಕಕ್ಕೆ ಇಳಿದುಬಿಡುತ್ತವೆ. ನೀನು ಹುಡುಕುತ್ತಿರುವವರು ಟಿಪ್ಪುವಿನ ಸವಾರರಾಗಿರಬಹುದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶಿಲೇದಾರರಾಗಿರಬಹುದು. ಅಥವಾ 1892ರಲ್ಲಿ ಕಟ್ಟಿದ ಮೈಸೂರು ಲ್ಯಾನ್ಸರ್ಸ್‌ಗೆ ಸೇರಿ, 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಭರ್ಜಿ ಹಿಡಿದವರೂ ಆಗಿರಬಹುದು. ಯಾವ ಕಾಲದವರು ಎಂದು ತಿಳಿಯದೆ ಪತ್ರಾಗಾರದ ಮೆಟ್ಟಿಲು ಹತ್ತಬೇಡ, ವೃಥಾ ಅಲೆದಾಟವಾಗುತ್ತದೆ.

ಎರಡನೆಯದು, ಯಾರ ಸೈನ್ಯ? ಆ ಕಾಲದಲ್ಲಿ ನಮ್ಮ ಸೀಮೆಯವರು ಎರಡು ಕಡೆ ದುಡಿದರು. ಒಂದು ಮೈಸೂರು ಸಂಸ್ಥಾನದ್ದೇ ಸೈನ್ಯ. ಇನ್ನೊಂದು ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯ. ಎರಡರ ಕಾಗದಪತ್ರಗಳೂ ಬೇರೆ ಬೇರೆ ಊರುಗಳಲ್ಲಿವೆ.

ಸಂಸ್ಥಾನದ ಸೈನ್ಯದ ಕಥೆ ನಮ್ಮ ಮೈಸೂರಿನವರಿಗೇ ಅಷ್ಟಾಗಿ ಗೊತ್ತಿಲ್ಲ ಎನ್ನುವುದು ನನಗೆ ನಿಜವಾದ ಸಂಕಟ. ಟಿಪ್ಪು ಮಡಿದ ಮೇಲೆ ಕೆಲಸ ಕಳೆದುಕೊಂಡ ಸವಾರರಲ್ಲಿ ಎಷ್ಟೋ ಜನರನ್ನು ದಿವಾನ್ ಪೂರ್ಣಯ್ಯನವರು ಮತ್ತೆ ಸೇರಿಸಿಕೊಂಡರು. ಸ್ವಂತ ಕುದುರೆ, ಸ್ವಂತ ಆಯುಧ ತಂದು ತಿಂಗಳ ಸಂಬಳಕ್ಕೆ ನಿಲ್ಲುವವನು ಶಿಲೇದಾರ. ಇನ್ನೊಬ್ಬರ ಕುದುರೆಯ ಮೇಲೆ ಕೂರುವವನು ಬಾರ್ಗೀರ್. ಕಾಲಾಳುಗಳದ್ದು ಬಾರ್ ಪಟಾಲಂ. ಹಳ್ಳಿ, ತಾಲ್ಲೂಕುಗಳಲ್ಲಿ ಕಾವಲು ಕಾಯುತ್ತ ಕರೆ ಬಂದಾಗ ಹೊರಡುವವರು ಕಂದಾಚಾರದವರು. ನಿಮ್ಮ ಮನೆಯಲ್ಲಿ ಇವುಗಳಲ್ಲಿ ಯಾವ ಮಾತು ಚಾಲ್ತಿಯಲ್ಲಿತ್ತು ಎಂದು ವಿಚಾರಿಸು. ಜಮಾದಾರ್, ದಫೇದಾರ್, ಬಕ್ಷಿ ಎಂದು ಮನೆತನದ ಹೆಸರಿದ್ದರೂ ಅದು ಒಂದು ಸುಳಿವೇ. ಮೈಸೂರು ಊರಿನೊಳಗೆ ಲಷ್ಕರ್ ಮೊಹಲ್ಲಾ ಎಂದು ಒಂದು ಭಾಗಕ್ಕೇ ದಂಡಿನ ಹೆಸರು ಉಳಿದಿದೆ.

ಈ ಸವಾರರು ಎಲ್ಲೆಲ್ಲಿ ಹೋಗಿದ್ದರು ಗೊತ್ತೇ? 1800ರಲ್ಲಿ ಧೋಂಡಿಯಾ ವಾಘನ ಬೆನ್ನಟ್ಟಿ ತುಂಗಭದ್ರೆಯ ಆಚೆಗೆ. 1803ರಲ್ಲಿ ಇಂಗ್ಲಿಷರ ಜನರಲ್ ವೆಲ್ಲೆಸ್ಲಿಯ ಜೊತೆ ಮರಾಠರ ಸೀಮೆಗೆ. 1807ರ ಒಪ್ಪಂದದ ಪ್ರಕಾರ ಮೈಸೂರು ಸಂಸ್ಥಾನ 4,000 ಕುದುರೆ ಸವಾರರನ್ನು ಸದಾ ಸಿದ್ಧವಾಗಿ ಇಟ್ಟಿರಬೇಕಾಯಿತು. 1817ರ ಡಿಸೆಂಬರ್ 21ರಂದು ಶಿಪ್ರಾ ನದಿಯ ದಂಡೆಯ ಮಹಿದ್‌ಪುರದಲ್ಲಿ ಹೋಳ್ಕರರ ಸೈನ್ಯವನ್ನು ಎದುರಿಸಿದವರಲ್ಲಿ ಮೈಸೂರಿನ ಶಿಲೇದಾರರೂ ಇದ್ದರು. ಕಾವೇರಿ ನೀರು ಕುಡಿದು ಬೆಳೆದ ಹುಡುಗರು ಮಾಳವದವರೆಗೆ ಕುದುರೆ ನಡೆಸಿಕೊಂಡು ಹೋದರು ಎಂದರೆ ಸಾಮಾನ್ಯದ ಮಾತಲ್ಲ.

ಅಸ್ಸಾಯೆಯ ಒಂದು ಸಂಗತಿ ಹೇಳಲೇಬೇಕು. 1803ರ ಸೆಪ್ಟೆಂಬರ್ 23ರ ಆ ಯುದ್ಧದಲ್ಲಿ ಮೈಸೂರು ಕುದುರೆ ದಳ ಮುಖ್ಯ ಕದನದೊಳಗೆ ನುಗ್ಗಲಿಲ್ಲ. ಕೈತ್ನಾ ನದಿಯ ದಕ್ಷಿಣಕ್ಕೆ ನಿಂತು, ಮರಾಠರ ಕುದುರೆ ದಳ ಹಿಂದಿನಿಂದ ಮೇಲೆ ಬೀಳದಂತೆ ತಡೆದು ನಿಂತಿತ್ತು. ಅದೇನು ಸಣ್ಣ ಕೆಲಸವಲ್ಲ. ಆದರೆ ಮನೆಯ ಕಥೆಯಲ್ಲಿ ಅಜ್ಜ ಅಸ್ಸಾಯೆಯಲ್ಲಿ ತೋಪಿನ ಬಾಯಿಗೆ ನುಗ್ಗಿದರು ಎಂದಿದ್ದರೆ, ಅವರು ನಿಂತದ್ದು ಹೊಳೆಯ ಈಚೆ ಇರಬಹುದು ಎಂದು ಒಪ್ಪಿಕೊಳ್ಳುವ ಮನಸ್ಸು ನಿನಗಿರಬೇಕು. ಇದಕ್ಕಿಂತ ಕಷ್ಟದ್ದೂ ಎದುರಾಗಬಹುದು. 1830–31ರ ನಗರ ಸೀಮೆಯ ದಂಗೆಯಲ್ಲಿ ಸಂಸ್ಥಾನದ ಸೈನ್ಯ ಹೋದದ್ದು ನಮ್ಮದೇ ರೈತರ ಮೇಲೆ. ಅಪ್ಪ ಶ್ರೀರಂಗಪಟ್ಟಣದ ಕೋಟೆಯಲ್ಲಿ ಇಂಗ್ಲಿಷರ ವಿರುದ್ಧ ಸತ್ತು, ಮಗ ನಾಲ್ಕೇ ವರ್ಷಕ್ಕೆ ಇಂಗ್ಲಿಷರ ಜೊತೆ ದಂಡಿಗೆ ಹೊರಟ ಮನೆಗಳೂ ಇದ್ದಿರಲೇಬೇಕು. ಹೊಟ್ಟೆಪಾಡು ಅವರನ್ನು ಎಲ್ಲಿಗೆ ಕರೆದೊಯ್ಯಿತೋ ಅಲ್ಲಿಗೆ ಹೋದರು. ಅವರು ಯಾವ ಪಕ್ಷದಲ್ಲಿದ್ದರು ಎಂಬುದಕ್ಕೆ ನೀನು ನಾಚಬೇಕಿಲ್ಲ, ಬೀಗಬೇಕಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆದುಕೊ.

ಇನ್ನು ಹುಡುಕುವ ದಾರಿ. ಯುದ್ಧದ ವರ್ಣನೆಗಳಲ್ಲಿ ಸಿಪಾಯಿಯ ಹೆಸರು ಸಿಗುವುದಿಲ್ಲ ಮಗು, ಅಲ್ಲಿ ಸಿಗುವುದು ಸರದಾರರ ಹೆಸರು. ಮೈಸೂರು ಕುದುರೆ ದಳದ ಮುಂದಾಳು ಬಿಷ್ಣಪ್ಪ ಪಂಡಿತರು ವೆಲ್ಲೆಸ್ಲಿಯ ಪತ್ರಗಳಲ್ಲಿ ಸಿಗುತ್ತಾರೆ, ಅದೂ ‘ಬಿಸ್ಟ್ನಾಪಾ’ ಎಂದು. ಅವರ ಹಿಂದೆ ಬಂದ ಸವಾರರು ಇರುವುದು ದುಡ್ಡಿನ ಲೆಕ್ಕದಲ್ಲಿ. ಸಂಬಳದ ಪಟ್ಟಿ, ಬಾಕಿ ಸಂಬಳದ ಅರ್ಜಿ, ಸತ್ತವನ ಹೆಂಡತಿಗೆ ಕೊಟ್ಟ ಮಾಸಾಶನ, ಸೇವೆಗೆ ಬಿಟ್ಟ ಇನಾಂ ಜಮೀನು, ಇವುಗಳ ಬೆನ್ನು ಹತ್ತು. ಇಷ್ಟು ವರ್ಷ ಇಂಥದ್ದನ್ನು ನೋಡಿದ ಮೇಲೆ ನನಗೆ ಇದೊಂದರಲ್ಲೇ ಪೂರ್ತಿ ನಂಬಿಕೆ. ಮನೆಯ ಹಳೆ ಪೆಟ್ಟಿಗೆಯಲ್ಲಿ ಸನ್ನದು, ಕ್ರಯಪತ್ರ, ಪಹಣಿ ಏನಿದ್ದರೂ ಬಿಡಬೇಡ. ಇನಾಂ ಜಮೀನಿದ್ದ ಮನೆಯಾದರೆ 1954ರ ಇನಾಂ ರದ್ದತಿ ಕಾಯಿದೆಯ ಹೊತ್ತಿನಲ್ಲಿ ಹಾಕಿದ ಅರ್ಜಿಗಳನ್ನು ಕೇಳಿ ನೋಡು. ಈ ಜಮೀನು ನಮಗೆ ಯಾರಿಂದ, ಯಾಕೆ ಬಂತು ಎಂದು ನಿನ್ನ ತಾತನೋ ಮುತ್ತಾತನೋ ಸ್ವತಃ ಹೇಳಿಕೊಂಡಿರುವ ಸಂಭವ ಅಲ್ಲಿ ಹೆಚ್ಚು.

ಕರ್ನಾಟಕ ರಾಜ್ಯ ಪತ್ರಾಗಾರ ಬೆಂಗಳೂರಿನ ವಿಧಾನಸೌಧದಲ್ಲಿದೆ, ಮೈಸೂರಿನಲ್ಲಿ ವಿಭಾಗೀಯ ಕಚೇರಿಯೂ ಇದೆ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ಸೂಚಿಯನ್ನು ಅಭಿಲೇಖ್ ಪಟಲ್‌ನಲ್ಲಿ ಮನೆಯಿಂದಲೇ ನೋಡಬಹುದು. ಹುಡುಕುವಾಗ ಶ್ರೀರಂಗಪಟ್ಟಣವನ್ನು ಸೆರಿಂಗಪಟಂ ಎಂದೂ ಚಿತ್ರದುರ್ಗವನ್ನು ಚಿಟಲ್‌ಡ್ರೂಗ್ ಎಂದೂ ಕೇಳಬೇಕಾಗುತ್ತದೆ. ಲಿಂಗಯ್ಯ, ಮುನಿಸ್ವಾಮಿ ಇಂಥವರ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಥರ ಇರುತ್ತದೆ. ಕಾಗುಣಿತ ನೋಡಬೇಡ, ಗಟ್ಟಿಯಾಗಿ ಓದಿ ಕಿವಿಗೆ ಹೇಗೆ ಕೇಳುತ್ತದೆ ನೋಡು.

ಕಂಪನಿಯ ಸಿಪಾಯಿಯಾಗಿದ್ದರೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರಕ್ಕೆ ಹೋಗು. ಎಲ್ಲರೂ ಮೊದಲು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಕಡೆ ನೋಡುತ್ತಾರೆ. ಅಲ್ಲಿ ಬಿಳಿಯ ಅಧಿಕಾರಿಗಳ ವಿವರ ಧಾರಾಳ, ದೇಸಿ ಸಿಪಾಯಿಯದು ಬಹಳ ಕಡಿಮೆ. ಪಟಾಲಂನ ನಂಬರಿನ ವಿಷಯದಲ್ಲಂತೂ ಎಚ್ಚರ. ಮದ್ರಾಸ್ ಸೈನ್ಯದ ನಂಬರುಗಳು 1824ರಲ್ಲಿ ಒಮ್ಮೆ ಬದಲಾದವು, 1903ರಲ್ಲಿ ಹಳೆಯ ನಂಬರಿಗೆ 60 ಕೂಡಿಸಿದರು. 13ನೆಯದು 73 ಆಯಿತು. ವಿಲ್ಸನ್ ಬರೆದ ಮದ್ರಾಸ್ ಸೈನ್ಯದ ಇತಿಹಾಸದ ಸಂಪುಟಗಳನ್ನು ಪಕ್ಕದಲ್ಲಿಟ್ಟುಕೊಂಡರೆ ಯಾವ ಪಟಾಲಂ ಯಾವ ವರ್ಷ ಬರ್ಮಾಕ್ಕೆ ಹೋಯಿತು, ಯಾವುದು ಚೀನಾಕ್ಕೆ ಹಡಗು ಹತ್ತಿತು ಎಂದು ತಾಳೆ ನೋಡಬಹುದು. ಮನೆಯವರು ಹಿರೋಡೆ, ಫ್ರೆಂಚ್ ರಾಕ್ಸ್ ಎಂದು ಹೇಳುತ್ತಿದ್ದರೆ ಅದು ಇವತ್ತಿನ ಪಾಂಡವಪುರ. ಆ ಕಾಲದಲ್ಲಿ ಅಲ್ಲಿ ಮದ್ರಾಸ್ ಪಟಾಲಂ ಬೀಡುಬಿಟ್ಟಿರುತ್ತಿತ್ತು. ಅಜ್ಜ ಸ್ಯಾಪರ್ ಆಗಿದ್ದರು ಎಂದರೆ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಕೇಂದ್ರಕ್ಕೆ ಪತ್ರ ಬರೆ. ಈ ಸ್ಯಾಪರ್‌ಗಳು 1868ರಲ್ಲಿ ಅಬಿಸೀನಿಯಾ, 1882ರಲ್ಲಿ ಈಜಿಪ್ಟ್ ನೋಡಿ ಬಂದವರು.

ಮನೆಯಲ್ಲಿ ಪದಕವಿದೆ ಎಂದೆಯಲ್ಲ, ದಯವಿಟ್ಟು ಅದನ್ನು ತಿಕ್ಕಬೇಡ. ಆಯುಧಪೂಜೆ ಬಂತೆಂದರೆ ನಮ್ಮ ಹೆಂಗಸರು ಹಳೆ ಕತ್ತಿ, ಪದಕ ಎಲ್ಲಕ್ಕೂ ಹುಣಸೆಹಣ್ಣೋ ವಿಭೂತಿಯೋ ಹಚ್ಚಿ ಫಳಫಳ ಮಾಡುತ್ತಾರೆ. ನಿನಗೆ ಬೇಕಾದದ್ದು ಇರುವುದು ರಾಣಿಯ ಮುಖದಲ್ಲಲ್ಲ, ಪದಕದ ಅಂಚಿನಲ್ಲಿ. ಸಿಪಾಯಿಯ ಹೆಸರು, ಪಟಾಲಂ, ಕೆಲವೊಮ್ಮೆ ಅವನ ನಂಬರು ಆ ಕಿರಿದಾದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಕೊರೆದಿರುತ್ತಾರೆ. ಪ್ರತಿ ವರ್ಷ ತಿಕ್ಕುವುದರಿಂದ ಮೊದಲು ಸವೆಯುವುದು ಅದೇ. ಕತ್ತಲೆ ಕೋಣೆಯಲ್ಲಿ ಪದಕವನ್ನು ಬಟ್ಟೆಯ ಮೇಲೆ ನಿಲ್ಲಿಸಿ, ಟಾರ್ಚನ್ನು ಓರೆಯಾಗಿ ಹಿಡಿದು, ಅಂಚನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಫೋಟೋ ತೆಗೆ. ಕಣ್ಣಿಗೆ ಕಾಣದ ಅಕ್ಷರವೂ ನೆರಳಿನಲ್ಲಿ ಎದ್ದು ಕಾಣುತ್ತದೆ. ಕತ್ತಿಯ ಅಲಗಿಗೂ ಇದೇ ಉಪಾಯ.

ಮತ್ತೆ ಹೆಳವರನ್ನು ಮರೆಯಬೇಡ. ಎತ್ತಿನ ಮೇಲೆ ಬಂದು ಬಾಗಿಲಲ್ಲಿ ನಿಂತು ವಂಶಾವಳಿ ಹೇಳುವವರು. ನಿಮ್ಮ ಮೂಲ ಊರಿಗೆ ಈಗಲೂ ಬರುತ್ತಾರೋ ಕೇಳು. ಬಂದರೆ ಅವರ ಬಾಯಲ್ಲಿ ನಿನ್ನ ಎಂಟು ತಲೆಮಾರುಗಳ ಸಾಲು ಸಿಗಬಹುದು. ಕ್ರೈಸ್ತ ಮನೆತನವಾದರೆ ಚರ್ಚಿನ ದೀಕ್ಷಾಸ್ನಾನದ, ಮದುವೆಯ ಪುಸ್ತಕಗಳಿವೆ. ಮರಾಠ ಮನೆತನವಾದರೆ ಕಾಶಿ, ನಾಸಿಕದ ಪಂಡರ, ಅಂದರೆ ಕ್ಷೇತ್ರ ಪುರೋಹಿತರ, ವಹಿಗಳಿವೆ. ಪಿತೃಪಕ್ಷದಲ್ಲಿ ಎಡೆ ಇಡುವಾಗ ಯಾರ ಹೆಸರು ಹೇಳುತ್ತಾರೆ, ಯಾರಿಗೆ ಹೆಂಡ ಇಡುತ್ತಾರೆ, ಯಾರಿಗೆ ಚುಟ್ಟಾ ಇಡುತ್ತಾರೆ ಎನ್ನುವುದನ್ನೂ ಬರೆದುಕೊ. ಇದನ್ನೆಲ್ಲ ಬಲ್ಲವರು ಹೆಂಗಸರು. ನಿಮ್ಮ ದೊಡ್ಡತ್ತೆಗೆ ಎಂಬತ್ತು ದಾಟಿದೆ, ಪತ್ರಾಗಾರಕ್ಕಿಂತ ಮೊದಲು ಅವರ ಹತ್ತಿರ ಹೋಗಿ ಕೂತು ಧ್ವನಿ ಮುದ್ರಿಸಿಕೊ. ಅವರು ಹೇಳುವುದು ಹಿಂದುಮುಂದಾದರೆ ನಡುವೆ ತಿದ್ದಬೇಡ.

ಪೆಟ್ಟಿಗೆಯಲ್ಲಿ ಕೊಂಡಿ ಕೊಂಡಿಯಾಗಿ ಬರೆದ, ತಲೆಗೆರೆ ಉದ್ದಕ್ಕೂ ಹೋಗುವ ಕಾಗದ ಸಿಕ್ಕರೆ ಅದು ಮರಾಠಿಯ ಮೋಡಿ ಲಿಪಿ. ಮಡಿಕೆಯನ್ನು ಬಲವಂತವಾಗಿ ಬಿಡಿಸಬೇಡ, ಲ್ಯಾಮಿನೇಷನ್ ಅಂತೂ ಖಂಡಿತ ಬೇಡ. ಹಾಗೇ ಒಂದು ಫೋಟೋ ತೆಗೆದು ಕಳಿಸು. ಮೋಡಿ ಓದಬಲ್ಲವರೊಬ್ಬರು ನನಗೆ ಪರಿಚಯ, ಇಬ್ಬರೂ ಸೇರಿ ಅವರ ಮನೆಗೆ ಹೋಗೋಣ.